ಮಾಣಿಕಮ್ಮ ಮಳಿಮನಿ ಹತ್ತಿದ್ದು

ಪವರ್ ಹೌಸಿನಲ್ಲಿ ಒಂಬತ್ತು ವರ್ಷ ದುಡಿದರೂ ಮಾಣಿಕಮ್ಮ ಕರೆಂಟು ಹುಟ್ಟುವ ಮಷೀನನ್ನು ಒಮ್ಮೆಯೂ ನೋಡಿರಲಿಲ್ಲ. ಅದು ದಪ್ಪ ಗೋಡೆಯ ಆಚೆ, ಬೂಟು ಹಾಕಿದವರ ಪಾಲಿಗಿತ್ತು. ಅವಳ ಪಾಲಿಗೆ ಬಂದದ್ದು ಹೊರಗಿನ ಕೂಲಿಂಗ್ ಟವರು, ಅದರಲ್ಲೂ ಅದರ ಬುಡದ ಹೊಂಡ.

ಜೇವರ್ಗಿ ತಾಲ್ಲೂಕಿನಲ್ಲಿ ಭೀಮೆಯ ದಂಡೆಗೆ ಕಂಪನಿಯೊಂದು ಕಟ್ಟಿದ್ದ ಸಣ್ಣ ಪವರ್ ಹೌಸು ಅದು. ಸಮೀಪದ ನೂಲಿನ ಗಿರಣಿಗೂ ಎರಡು ಕಲ್ಲು ಪಾಲಿಶ್ ಕಾರ್ಖಾನೆಗಳಿಗೂ ಅಲ್ಲಿಂದಲೇ ಕರೆಂಟು. ಟವರು ಏಳಾಳೆತ್ತರದ ಮರದ ಕಟ್ಟಡ. ಒಳಗೆ ಎರಡು ಖಾನೆ, ಖಾನೆಗೆ ಸಾವಿರಾರು ಮರದ ಪಟ್ಟಿ, ಒಂದರ ಕೆಳಗೊಂದು. ಮಷೀನಿನ ಕಡೆಯಿಂದ ಬಿಸಿಯಾಗಿ ಬಂದ ನೀರು ಮೇಲಿನಿಂದ ಆ ಪಟ್ಟಿಗಳ ಮೇಲೆ ಬಿದ್ದು, ಸಿಡಿದು, ಹನಿಹನಿಯಾಗಿ ಇಳಿಯುತ್ತಿತ್ತು. ನೆತ್ತಿಯ ಮೇಲಿನ ದೊಡ್ಡ ಫ್ಯಾನು ಗಾಳಿಯನ್ನು ಒಳಗೆಳೆದು, ಹನಿಗಳ ಬಿಸಿಯನ್ನೆಲ್ಲ ಹೊತ್ತು ಆಕಾಶಕ್ಕೆ ಉಗುಳುತ್ತಿತ್ತು. ಹೊಂಡದಲ್ಲಿ ಕೂಡಿದ ತಂಪು ನೀರು ಪಂಪಿನ ಬಾಯಿಂದ ಮತ್ತೆ ಮಷೀನಿಗೆ ಹೋಗುತ್ತಿತ್ತು. ಹನ್ನೆರಡು ತಿಂಗಳೂ ಮಳೆ ಸುರಿಯುವ ಆ ಕಟ್ಟಡಕ್ಕೆ ಹೆಣ್ಣಾಳುಗಳು ಮಳಿಮನಿ ಎಂದು ಹೆಸರಿಟ್ಟಿದ್ದರು.

ಹೆಣ್ಣಾಳುಗಳೆಂದರೆ ನೆಲೋಗಿಯಿಂದ ದಿನಾ ಟ್ರ್ಯಾಕ್ಟರಿನಲ್ಲಿ ಬರುವ ಆರು ಮಂದಿ. ಭೀಮೆಯ ನೀರು ತರುವ ರಾಡಿ ಹೊಂಡದಲ್ಲಿ ತಳ ಹಿಡಿಯುತ್ತಿತ್ತು, ಪಾಚಿ ಬೆಳೆಯುತ್ತಿತ್ತು. ಅದನ್ನೆಲ್ಲ ಬಳಿದು ಬುಟ್ಟಿಯಲ್ಲಿ ಹೊತ್ತು ಹಾಕುವುದು, ಪಂಪಿನ ಬಾಯಿಗೆ ಹಚ್ಚಿದ ತಂತಿಯ ಜಾಳಿಯಿಂದ ಕಸ ತೆಗೆಯುವುದು ಅವರ ಕೆಲಸ. ವಾರಕ್ಕೊಮ್ಮೆ, ಕಾರ್ಖಾನೆಗಳಿಗೆ ಸೂಟಿ ಇದ್ದ ದಿನ, ಒಂದು ಖಾನೆಯ ನೀರು ಬಂದ್ ಮಾಡುತ್ತಿದ್ದರು. ಆಗ ಇವರು ಅದರೊಳಗೆ ಇಳಿಯಬೇಕು. ಆರು ಮಂದಿಗೂ ಮಾಣಿಕಮ್ಮ ಹಿರಿಯಳು. ವಯಸ್ಸಿನಿಂದಲ್ಲ, ನಾಲಗೆಯಿಂದ.

ಈ ಮಳೆಮನೆಗೂ ಕರೆಂಟಿಗೂ ಏನು ಸಂಬಂಧ ಎಂದು ಅವಳಿಗೆ ತಿಳಿಸಿ ಹೇಳಿದವನು ಮಲ್ಕಪ್ಪ. ಅಫಜಲಪುರ ಕಡೆಯ ಹುಡುಗ, ಐಟಿಐ ಕಲಿತು ಒಳಗೆ ಗೇಜುಗಳ ಮುಂದೆ ಕೂತು ತಾಸಿಗೊಮ್ಮೆ ಪುಸ್ತಕದಲ್ಲಿ ಬರೆಯುವ ಆಪರೇಟರು. ಊಟದ ಹೊತ್ತಿಗೆ ಹೊಂಡದ ಕಟ್ಟೆಗೆ ಬಂದು ಇವರ ಹಿಂಡಿಪಲ್ಲೆಗೆ ಕೈಚಾಚುತ್ತಿದ್ದ.

"ಯಕ್ಕಾ, ಬಾಯ್ಲರ್ ಉರಿಸಿದ್ರ ಮಷೀನ್ ತಿರುಗ್ತದ ಅಂತ ಎಲ್ಲಾರೂ ತಿಳದಾರ. ತಿರುಗಿಸಿದ ಉಗಿ ಮುಂದ ಎಲ್ಲಿಗೆ ಹೋಗಬೇಕು? ತಣ್ಣಗಾಗಿ ನೀರಾಗಿ ಕುಂದರಬೇಕು. ಅದು ಕುಂದರಲಿಲ್ಲಂದ್ರ ಹಿಂದಿನ ಉಗಿಗೆ ಹಾದಿ ಸಿಗಂಗಿಲ್ಲ, ಮಷೀನಿನ ದಮ್ ಕಟ್ತದ. ಅದನ್ನ ತಣ್ಣಗ ಮಾಡೋದು ನಿಮ್ಮ ಮಳಿಮನಿ ನೀರು. ಇದು ನಿಂತ್ರ ಅದೂ ನಿಂತಂಗ."

"ಹಂಗಾದ್ರ ನಾವೂ ಕರೆಂಟ್ ಮಾಡಾಕತ್ತೇವಿ ಅನ್ನು" ಎಂದಿದ್ದಳು ಮಾಣಿಕಮ್ಮ.

"ಮತ್ತ!" ಎಂದಿದ್ದ ಅವನು, ರೊಟ್ಟಿ ಮುರಿಯುತ್ತ.

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿ. ಯುಗಾದಿ ಕಳೆದ ಮೇಲೆ ಜಾಳಿಯಲ್ಲಿ ಕಟ್ಟಿಗೆಯ ಚೂರು ಸಿಗತೊಡಗಿದವು. ಮೊದಲು ಬೆರಳುದ್ದ, ಆಮೇಲೆ ಮೊಳದುದ್ದ. ಮಾಣಿಕಮ್ಮ ಒಂದನ್ನು ಮುಷ್ಟಿಯಲ್ಲಿ ಹಿಂಡಿದರೆ ಅದು ನೀರುಬಿಟ್ಟು ನಾರುನಾರಾಗಿ ಉದುರಿತು. ಒಳಗಿನ ಪಟ್ಟಿಗಳನ್ನು ಹೊಸದಾಗಿ ಹಾಕಿ ಏಳು ತಿಂಗಳೂ ಆಗಿರಲಿಲ್ಲ. ಹಿಂದಿನ ದಸರೆಯ ಮುಂದೆ ಗುತ್ತಿಗೆದಾರ ಅಣ್ಣಾರಾಯ ಆ ಕೆಲಸ ಮಾಡಿಸಿದ್ದ. ಔಷಧಿ ಕುಡಿಸಿದ ಮರ, ಇಪ್ಪತ್ತು ವರ್ಷ ನೀರಿಗೆ ಜಗ್ಗುವುದಿಲ್ಲ ಎಂದು ಹೇಳಿ ಬಿಲ್ಲು ಪಾಸು ಮಾಡಿಸಿಕೊಂಡಿದ್ದ. ಆರು ಹೆಣ್ಣಾಳುಗಳೂ ಅವನ ಗುತ್ತಿಗೆಯವರೇ.

ಅವನ ಬುಲೆಟ್ ಗಾಡಿ ಗೇಟಿನಲ್ಲಿ ಕಂಡ ದಿನ ಮಾಣಿಕಮ್ಮ ಸೆರಗಿನ ತುಂಬ ಚೂರು ತುಂಬಿಕೊಂಡು ಹೋಗಿ ಅವನ ಕಾಲ ಬುಡದಲ್ಲಿ ಸುರಿದಳು.

"ಸಾವ್ಕಾರ್ರ, ಮಳಿಮನಿ ಒಳಗಿಂದೊಳಗ ಕಳಚಾಕತ್ತದ. ನೋಡ್ರಿ."

ಅಣ್ಣಾರಾಯ ನೋಡಲಿಲ್ಲ. "ಬ್ಯಾಸಿಗಿ ಬೇ. ಬಿಸಲಿಗೆ ಕಟ್ಟಿಗಿ ಬಿರೀತದ."

"ಹಗಲೂ ರಾತ್ರಿ ನೀರಾಗ ಇದ್ದ ಕಟ್ಟಿಗಿಗೆ ಬಿಸಲು ಎಲ್ಲಿಂದ ಬಡೀತ್ರಿ?"

"ನಿನಗ ಹೊಂಡ ಬಳಿಯೂ ಕೆಲಸ ಕೊಟ್ಟೀನಿ. ತಿಳಿಸಿ ಹೇಳೂ ಕೆಲಸ ಕೊಟ್ಟಿಲ್ಲ" ಎಂದು ಅವನು ಗಾಡಿಗೆ ಕಿಕ್ ಹೊಡೆದ.

ಅದಾದ ಮೇಲಿನ ಸೋಮವಾರ ಆರು ಮಂದಿಯಲ್ಲೊಬ್ಬಳಾದ ಸುಂದರಬಾಯಿಯ ಮೇಲೆ ಪಟ್ಟಿ ಬಿತ್ತು. ಖಾನೆಯ ನೀರು ನಿಂತಿತ್ತು, ಹೆಂಗಸರು ಒಳಗೆ ಬಗ್ಗಿ ರಾಡಿ ಬಳಿಯುತ್ತಿದ್ದರು. ಮೇಲಿನಿಂದ ಒಂದು ಆಳುದ್ದದ ತುಂಡು, ಮೊಳೆಯ ಸಮೇತ, ಸುಂದರಬಾಯಿಯ ಎಡ ಭುಜಕ್ಕೆ ಬಂದು ಬಡಿಯಿತು. ಎಲುಬು ಬಿರಿದಿತ್ತು. ಜೇವರ್ಗಿಯಲ್ಲಿ ಪಟ್ಟು ಹಾಕಿಸಿ ಮನೆಗೆ ಕಳಿಸಿದರು. ಕಚೇರಿಯ ಪುಸ್ತಕದಲ್ಲಿ ಕಾಲು ಜಾರಿ ಬಿದ್ದಳೆಂದು ಬರೆದರು.

ಆ ಮೊಳೆ ಹೊಡೆದವನು ಯಾರೆಂದು ಮಾಣಿಕಮ್ಮನಿಗೆ ಗೊತ್ತಿತ್ತು. ಆಳಂದದ ಬಡಿಗ ಶರಫುದ್ದೀನ ಮಿಸ್ತ್ರಿ. ದಸರೆಯ ಮುಂದೆ ಹದಿನೈದು ದಿನ ಇಲ್ಲೇ ಇದ್ದ, ಇವರ ಕಟ್ಟೆಯ ಮೇಲೇ ಕೂತು ಉಣ್ಣುತ್ತಿದ್ದ. ಒಂದು ಖಾನೆ ಮುಗಿಸಿದವನು ಎರಡನೆಯದಕ್ಕೆ ಕೈ ಹಚ್ಚದೆ, ಯಾರಿಗೂ ಏನೂ ಹೇಳದೆ ಗಂಟು ಕಟ್ಟಿಕೊಂಡು ಹೋಗಿಬಿಟ್ಟಿದ್ದ. ಎರಡನೆಯದನ್ನು ಅಣ್ಣಾರಾಯ ಬೇರೆಯವರಿಂದ ಮಾಡಿಸಿ ಮುಗಿಸಿದ್ದ. ಯಾಕೆ ಹೋದ ಎನ್ನುವುದು ಈಗ ಅವಳಿಗೆ ಅಂದಾಜಾಯಿತು. ಸುಂದರಬಾಯಿಗೆ ಬಡಿದ ತುಂಡನ್ನು ಹಳೆಯ ಅರಿವೆಯಲ್ಲಿ ಸುತ್ತಿ, ಮಲ್ಕಪ್ಪನಿಂದ ಎರಡು ಸಾಲು ಬರೆಸಿ, ಕಲಬುರ್ಗಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಳು. "ಆಳಂದ ಬಸ್ಸಿನವರಿಗೆ ಮುಟ್ಟಸಪ್ಪಾ. ಬಡಿಗೇರ ಶರಫುದ್ದೀನ ಅಂದ್ರ ಅಲ್ಲಿ ಎಲ್ಲಾರಿಗೂ ಗೊತ್ತದ." ಚೀಟಿಯಲ್ಲಿ ಇದ್ದದ್ದು ಇಷ್ಟೇ: ಮಿಸ್ತ್ರಿ, ಇದು ನೀವು ಹೊಡೆದ ಪಟ್ಟಿ. ಒಬ್ಬ ಹೆಣ್ಮಗಳ ಭುಜ ಮುರಿದಿದೆ. ಬಂದು ನೋಡಿರಿ.

ಇತ್ತ ಮಷೀನು ದಿನದಿನಕ್ಕೆ ಸೋಲತೊಡಗಿತು. ಮಧ್ಯಾಹ್ನ ಎರಡಾದರೆ ಸಾಕು, ಉಗಿಯನ್ನು ಮುಂದಕ್ಕೆ ಎಳೆಯುವ ವ್ಯಾಕ್ಯೂಮ್ ಬೀಳುತ್ತಿತ್ತು. ಆರು ಮೆಗಾವ್ಯಾಟ್ ಕೊಡಬೇಕಾದದ್ದು ನಾಲ್ಕಕ್ಕೆ ಇಳಿಯುತ್ತಿತ್ತು. ನೂಲಿನ ಗಿರಣಿಯಿಂದ ಫೋನಿನ ಮೇಲೆ ಫೋನು. ಮ್ಯಾನೇಜರ್ ಹಣಮಂತರಾಯರು ಅಣ್ಣಾರಾಯನನ್ನು ಕರೆಸಿದರು. ಹೆಂಗಸರು ಹೊಂಡ ನೆಟ್ಟಗೆ ಬಳಿಯುತ್ತಿಲ್ಲ, ಅದಕ್ಕೇ ನೀರು ತಂಪಾಗುತ್ತಿಲ್ಲ ಎಂದು ಅವನು ಹೇಳಿದ. ಗುರುವಾರ ಹುಕುಂ ಬಂತು. ಲೋಡು ಬಹಳ ಇದೆ, ಖಾನೆ ಬಂದ್ ಮಾಡಲು ಆಗುವುದಿಲ್ಲ. ಹೆಂಗಸರು ನೀರು ಬೀಳುತ್ತಿರುವಾಗಲೇ ಒಳಗಿಳಿದು ಹೂಳು ತೆಗೆಯಬೇಕು.

ಮಾಣಿಕಮ್ಮ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

"ನೀರು ಬಂದ್ ಮಾಡ್ರಿ, ಇಳೀತೇವಿ. ಬಂದ್ ಮಾಡಂಗಿಲ್ಲಂದ್ರ ಇಳಿಯಂಗಿಲ್ಲ."

"ಇಳಿಲಿಲ್ಲಂದ್ರ ನಾಳಿಂದ ಬರಬ್ಯಾಡ್ರಿ" ಎಂದ ಅಣ್ಣಾರಾಯ.

"ನಾಳೇನೂ ಬರ್ತೇವಿ. ನಾಡಿದ್ದೂ ಬರ್ತೇವಿ. ಬಂದು ಇಲ್ಲೇ ಕುಂದರ್ತೇವಿ."

ಉಳಿದ ನಾಲ್ವರೂ ತಮ್ಮ ತಮ್ಮ ಬುಟ್ಟಿ ಬೋರಲು ಹಾಕಿದರು.

ಆ ಸಂಜೆ ಮನೆಯಲ್ಲಿ ಗಂಡ ಶಿವರಾಯ ತೊಗರಿಯ ಕಟ್ಟಿಗೆಯನ್ನು ಒಲೆಯ ಬಳಿ ಒಟ್ಟುತ್ತ ಕೇಳಿದ, "ಕೆಲಸ ಹೋದ್ರ?"

"ಹೋಗ್ಲಿ. ಕಾಯಕ ಮಾಡಾಕ ಹೋಗಾಕತ್ತೇನಿ, ತಲಿ ಕೊಡಾಕಲ್ಲ. ಸುಂದರಬಾಯಿ ಭುಜದ ಮ್ಯಾಲ ಬಿತ್ತು. ಗೇಣು ಈಚೆ ಬಿದ್ದಿದ್ರ?"

ಬೆಳಿಗ್ಗೆ ಶಿವರಾಯ ಅವಳಿಗಿಂತ ಮೊದಲು ಎದ್ದು ರೊಟ್ಟಿಯ ಗಂಟು ತಾನೇ ಕಟ್ಟಿಟ್ಟಿದ್ದ.

ಶುಕ್ರವಾರ ಒಂಬತ್ತರ ಹೊತ್ತಿಗೆ ಗೇಟಿನೊಳಗೆ ಒಂದು ಲಾರಿ ಬಂತು. ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಿಂದ ಅಣ್ಣಾರಾಯ ಹನ್ನೆರಡು ಮಂದಿ ಹೆಂಗಸರನ್ನು ಹೇರಿಕೊಂಡು ಬಂದಿದ್ದ. ತೊಗರಿ ಕೊಯ್ಲು ಮುಗಿದು ಕೈ ಖಾಲಿ ಇದ್ದವರು. ಅವರ ಮುಂದೆ ನಿಂತಿದ್ದವಳು ಗುರುಶಾಂತಮ್ಮ, ಹಣೆತುಂಬ ವಿಭೂತಿ ಹಚ್ಚಿದ, ಐವತ್ತರ ಮೇಲಿನ ಗಟ್ಟಿ ಹೆಂಗಸು.

"ಹಾದಿ ಬಿಡವ್ವಾ" ಎಂದಳು ಅವಳು. "ನಿಮ್ಮ ನಿಮ್ಮ ಜಗಳ ಏನದನೋ ನಮಗ ಗೊತ್ತಿಲ್ಲ. ನಾವು ಕೂಲಿಗೆ ಬಂದೇವಿ."

ಮಾಣಿಕಮ್ಮ ಎದ್ದು ಹಾದಿ ಬಿಟ್ಟಳು. "ನಾ ಅಡ್ಡ ನಿಂದ್ರಂಗಿಲ್ಲ ಯಕ್ಕಾ. ಹಸಿವು ಎಲ್ಲಾರಿಗೂ ಅದ. ಖರೇ, ಇಳಿಯೂಕಿಂತ ಮೊದಲ ಒಂದು ನೋಡು." ಜಾಳಿಯಿಂದ ಆಗಷ್ಟೇ ತೆಗೆದ ಪಟ್ಟಿಯ ತುಂಡನ್ನು ಅವಳ ಕೈಗಿಟ್ಟಳು. "ಹಿಂಡು."

ಗುರುಶಾಂತಮ್ಮ ಹಿಂಡಿದಳು. ಕಟ್ಟಿಗೆ ಬೆರಳ ಸಂದಿನಿಂದ ನಾರಾಗಿ ಇಳಿಯಿತು. ಮೊಳೆ ಮಾತ್ರ ಅಂಗೈಯಲ್ಲಿ ಉಳಿಯಿತು.

"ಇಂಥಾವು ನಿಮ್ಮ ನೆತ್ತಿ ಮ್ಯಾಲ ಸಾವಿರ ಅವ. ನೀರು ಬೀಳೂ ಸಪ್ಪಳದಾಗ ಪಟ್ಟಿ ಕಳಚಿದ್ದು ಕೇಳ್ಸಂಗಿಲ್ಲ. ನೀರು ಬಂದ್ ಇದ್ದಾಗಲೇ ಸುಂದರಬಾಯಿ ಭುಜ ಮುರೀತು. ಇಳೀತೀನಂದ್ರ ಇಳಿ. ನಡೂ ನಿಂದ್ರಬ್ಯಾಡ, ಕಂಬದ ಬಾಜೂ ನಿಂದ್ರು. ಇಷ್ಟ ನಾ ಹೇಳೂದು."

ಗುರುಶಾಂತಮ್ಮ ಮೊಳೆಯನ್ನೂ ಟವರನ್ನೂ ನೋಡಿದಳು. ಆಮೇಲೆ ಅಣ್ಣಾರಾಯನ ಕಡೆ ತಿರುಗಿದಳು. "ಯಾಕ್ರಿ, ಹೊಂಡ ಬಳಿಯೂದು ಅಂದ್ರಿ. ಇದನ್ನ ಹೇಳ್ಲಿಲ್ಲಲ್ಲ?"

"ಆಕಿ ಮಾತು ಕೇಳ್ಬ್ಯಾಡ್ರಿ. ಆಕಿಗೆ ಸೊಕ್ಕು ಬಂದದ. ಇಳೀರಿ ಜಲ್ದಿ!"

"ನೀವು ಮೊದಲ ಇಳೀರಿ ಸಾವ್ಕಾರ್ರ" ಎಂದಳು ಗುರುಶಾಂತಮ್ಮ. "ಒಂದು ಬುಟ್ಟಿ ರಾಡಿ ತುಂಬಿ ಕೊಡ್ರಿ. ಹಿಂದಿಂದ ನಾವು ಹನ್ನೆರಡು ಮಂದಿ ಇಳೀತೇವಿ."

ಅಣ್ಣಾರಾಯ ಇಳಿಯಲಿಲ್ಲ. ಲಾರಿಯವನು ಕಲ್ಲಿದ್ದಲು ತರಲು ಹೋಗಿದ್ದ, ಸಂಜೆಯವರೆಗೆ ಬರುವಂತಿರಲಿಲ್ಲ. ಗೊಬ್ಬೂರಿನ ಹೆಂಗಸರು ಬೇವಿನ ಗಿಡದ ನೆರಳಿಗೆ ಹೋಗಿ ಕೂತರು. ಮಾಣಿಕಮ್ಮ ನೆಟ್ಟಗೆ ಮ್ಯಾನೇಜರರ ಕಚೇರಿಗೆ ನಡೆದಳು. ಜವಾನ ತಡೆದದ್ದನ್ನು ಅವಳು ಗಮನಿಸಿದಂತೆ ಕಾಣಲಿಲ್ಲ.

ಹಣಮಂತರಾಯರು ಕೆಟ್ಟ ಮನುಷ್ಯರೇನಲ್ಲ. ಹೊತ್ತಿಗೆ ಸರಿಯಾಗಿ ಬರುವವರು, ಫೈಲು ಓದಿ ಸಹಿ ಮಾಡುವವರು. ಆದರೆ ಮೂರು ವರ್ಷದಲ್ಲಿ ಟವರಿನ ಏಣಿಗೆ ಕಾಲಿಟ್ಟವರಲ್ಲ. ಎತ್ತರವೆಂದರೆ ಅವರಿಗೆ ಅಂಜಿಕೆ ಎಂದು ಆಳುಮಕ್ಕಳಿಗೆಲ್ಲ ಗೊತ್ತಿತ್ತು.

"ಏನಮ್ಮಾ ಇದು, ಎಲ್ಲಾರನ್ನೂ ಎಬ್ಬಿಸಾಕತ್ತೀ ಅಂತ?"

"ಕುಂದ್ರಸಾಕತ್ತೇನ್ರಿ ಸಾಹೇಬ್ರ, ಎಬ್ಬಿಸಾಕತ್ತಿಲ್ಲ. ಮಳಿಮನಿ ಒಳಗಿನ ಪಟ್ಟಿ ಕೊಳತಾವ. ಅದಕ್ಕ ನೀರು ತಂಪಾಗವಲ್ದು."

"ಹೊರಗೆ ನಲವತ್ತನಾಲ್ಕು ಡಿಗ್ರಿ ಅದ. ಇಂಥಾ ಬಿಸಲಾಗ ನೀರು ಹ್ಯಾಂಗ ತಂಪಾಗ್ತದ? ನಿನಗ ತಿಳಿಯಂಗಿಲ್ಲ, ಹೋಗು."

ಮಾಣಿಕಮ್ಮ ಕದಲಲಿಲ್ಲ. ಮೂಲೆಯಲ್ಲಿ ಉಸುಕಿನ ಮೇಲಿಟ್ಟ, ಒದ್ದೆ ಅರಿವೆ ಸುತ್ತಿದ ಮಣ್ಣಿನ ಗಡಿಗೆ ಇತ್ತು. ಅದರತ್ತ ಕೈ ಮಾಡಿದಳು.

"ಸಾಹೇಬ್ರ, ಈ ಗಡಗಿ ನೀರು ಯಾವಾಗ ಭಾಳ ತಂಪಿರ್ತದ್ರಿ? ಈಗೋ, ಶ್ರಾವಣದಾಗೋ?"

ಅವರು ಗಡಿಗೆಯತ್ತ ನೋಡಿದರು.

"ಈಗ್ರಿ. ಒಣ ಗಾಳಿ ಒದ್ದಿ ಅರವಿಗೆ ಬಡದ್ರ ನೀರು ತಂಪಾಗ್ತದ. ಶ್ರಾವಣದಾಗ ಗಾಳೀನೇ ಒದ್ದಿ ಇರ್ತದ, ಆಗ ತಂಪಾಗಂಗಿಲ್ಲ. ಇದನ್ನ ನಮ್ಮವ್ವ ಹೇಳ್ಯಾಳ, ಶಾಣ್ಯಾರು ಬೇಕಿಲ್ಲ. ಮಳಿಮನೀನೂ ಹಂಗ. ಹೋದ ಶ್ರಾವಣದಾಗ ಹಳೀ ಪಟ್ಟಿ ಇದ್ದಾಗ ಮಷೀನ್ ಬರಾಬರ್ ನಡೀತು. ಈಗ ಒಣ ಗಾಳಿ ಅದ, ಇನ್ನೂ ಚೆಂದ ನಡೀಬೇಕಿತ್ತು. ನಡೀವಲ್ದು ಅಂದ್ರ ತಪ್ಪು ಬಿಸಲಿಂದೋ, ಹೊಸಾ ಪಟ್ಟೀದೋ?"

ಹಣಮಂತರಾಯರು ಗಂಟೆ ಒತ್ತಿ ಮಲ್ಕಪ್ಪನನ್ನು ಕರೆಸಿದರು. ಅವನು ಹಿಂದಿನ ವರ್ಷದ ಪುಸ್ತಕ ಹಿಡಿದುಕೊಂಡೇ ಬಂದ.

"ಹೌದ್ರಿ ಸರ್. ಹೋದ ಆಗಸ್ಟಿನ ವ್ಯಾಕ್ಯೂಮ್ ಈಗಿನಕಿಂತ ಚಲೋ ಅದ. ದಸರಾ ಆದ ಮ್ಯಾಲ ತಿಂಗಳಾ ತಿಂಗಳಾ ಇಳದದ. ನಾ ಬರದೀನ್ರಿ, ಕೆಳಗ ನಿಮ್ಮ ಸಹಿ ಅದ."

ಸಹಿ ಎಂದ ಕೂಡಲೇ ಹಣಮಂತರಾಯರ ಮುಖ ಬಿಗಿಯಿತು. ಪಟ್ಟಿಯ ಬಿಲ್ಲಿನ ಮೇಲೂ ಅವರದೇ ಸಹಿ ಇತ್ತು, ಕೆಲಸ ಪರೀಕ್ಷಿಸಿ ನೋಡಿದ್ದೇನೆ ಎಂಬ ಸಾಲಿನ ಕೆಳಗೆ. "ಆಯ್ತು. ವಿಚಾರ ಮಾಡ್ತೀನಿ. ಇಬ್ಬರೂ ಹೋಗ್ರಿ" ಎಂದರು. ಅವರು ವಿಚಾರ ಮಾಡುವುದಿಲ್ಲ ಎಂದು ಮಾಣಿಕಮ್ಮನಿಗೆ ಅವರ ದನಿಯಲ್ಲೇ ತಿಳಿಯಿತು.

ಹೊರಗೆ ಬಂದರೆ ಹೊಂಡದ ಕಟ್ಟೆಯ ಮೇಲೆ ಶರಫುದ್ದೀನ ಕೂತಿದ್ದ. ಗಡ್ಡ ಇನ್ನಷ್ಟು ಬೆಳ್ಳಗಾಗಿತ್ತು. ಹನ್ನೊಂದರ ಬಸ್ಸಿಗೆ ಇಳಿದವನು, ಬಗಲಲ್ಲಿ ಅದೇ ಅರಿವೆಯ ಗಂಟು.

"ತಂಗಿ, ಆಕಿ ಹ್ಯಾಂಗಿದ್ದಾಳ?" ಎಂದು ಮೊದಲು ಕೇಳಿದ.

"ಅದಾಳ. ಕೈ ಎತ್ತಾಕ ಬರಂಗಿಲ್ಲ."

ಶರಫುದ್ದೀನ ತಲೆ ತಗ್ಗಿಸಿದ. "ಔಷಧಿ ಕುಡಿಸಿದ ಮರ ಅಂದ್ರು. ಲಾರಿ ಬಿಚ್ಚಿ ನೋಡಿದ್ರ ಹಣ್ಣಿನ ಪೆಟಗಿ ಮಾಡೂ ಕಟ್ಟಿಗಿ, ಅದೂ ಹಸೀದು. ಇದು ವರ್ಷಾನೂ ತಡಿಯಂಗಿಲ್ಲ ಅಂದೆ. ಮ್ಯಾಲ ಹತ್ತಿ ಯಾರು ನೋಡ್ತಾರೋ ಮಿಸ್ತ್ರಿ, ಹೊಡಿ ಮೊಳಿ ಅಂದ ಅಣ್ಣಾರಾಯ. ಒಂದು ಖಾನಿ ಹೊಡದೆ. ಎರಡನೇದಕ್ಕ ಕೈ ಏಳಲಿಲ್ಲ. ಓಡಿಹೋದೆ. ಓಡಿಹೋಗೂ ಬದಲಿ ಹೇಳಬೇಕಿತ್ತು."

"ಈಗ ಹೇಳ್ತೀರೇನು?"

"ಅದಕ್ಕ ಬಂದೀನಿ."

"ಹೇಳಿದ್ರ ನಂಬಂಗಿಲ್ರಿ ಅವ್ರು. ನೋಡಬೇಕು" ಎಂದಳು ಮಾಣಿಕಮ್ಮ. ತಲೆಯೆತ್ತಿ ಟವರಿನ ನೆತ್ತಿಯನ್ನು ನೋಡಿದಳು. ಗೋಡೆಗೆ ಹಚ್ಚಿದ ಕಬ್ಬಿಣದ ಏಣಿ ಬಿಸಿಲಿಗೆ ಮಿರುಗುತ್ತಿತ್ತು. ಹೆಂಗಸರು ಅದನ್ನು ಮುಟ್ಟಬಾರದು ಎಂಬುದು ಯಾರೂ ಬರೆಯದ ಕಾನೂನು. "ಮ್ಯಾಲ ಒಂದು ಬಾಗಲಾ ಅದ ಅಂತಿದ್ರಲ್ಲ ಮಿಸ್ತ್ರಿ? ಒಳಗ ಕಾಣ್ತದ ಅಂತ?"

"ಅದ. ನೀ ಹತ್ತೀ?"

ಅವಳು ಆಗಲೇ ಸೀರೆಯನ್ನು ಕಚ್ಚೆ ಹಾಕಿ ಬಿಗಿಯುತ್ತಿದ್ದಳು.

ಮೊದಲ ಹತ್ತು ಮೆಟ್ಟಿಲು ಸರಾಗವಾಗಿ ಹತ್ತಿದಳು. ಆಮೇಲೆ ಅಂಗೈ ಸುಡತೊಡಗಿತು. ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡಳು. ಅರ್ಧಕ್ಕೆ ಬಂದಾಗ ಒಮ್ಮೆ ಕೆಳಗೆ ನೋಡಿದಳು. ಗೊಬ್ಬೂರಿನ ಹೆಂಗಸರೂ ನೆಲೋಗಿಯವರೂ ಒಟ್ಟಾಗಿ ಮೇಲೆ ನೋಡುತ್ತ ನಿಂತಿದ್ದರು. ಮತ್ತೆ ಕೆಳಗೆ ನೋಡಲಿಲ್ಲ. ಅವಳ ಹಿಂದೆ ಶರಫುದ್ದೀನ, "ಒಂದೊಂದ ತಂಗಿ, ಅವಸರ ಬ್ಯಾಡ" ಎನ್ನುತ್ತ ಹತ್ತುತ್ತಿದ್ದ.

ಮೇಲಿನ ಅಟ್ಟದ ಮೇಲೆ ಕಾಲಿಟ್ಟಾಗ ಇಡೀ ಕಟ್ಟಡ ಅಂಗಾಲಿನಲ್ಲಿ ನಡುಗುತ್ತಿತ್ತು. ಫ್ಯಾನಿನ ಮೊರೆತಕ್ಕೆ ಮಾತು ಕೇಳಿಸದು. ಬೆಚ್ಚಗಿನ ತೇವದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಆಚೆ ಭೀಮೆ ಉಸುಕಿನ ನಡುವೆ ಸಣ್ಣಗೆ ಹರಿಯುತ್ತಿತ್ತು. ಶರಫುದ್ದೀನ ಸಣ್ಣ ಬಾಗಿಲಿನ ಅಗಳಿ ತೆಗೆದು ಪಕ್ಕಕ್ಕೆ ಸರಿದ. ಇಬ್ಬರೂ ಬಗ್ಗಿ ನೋಡಿದರು.

ಒಂಬತ್ತು ವರ್ಷ ಕೆಳಗಿನಿಂದ ಕಂಡದ್ದನ್ನು ಮಾಣಿಕಮ್ಮ ಮೊದಲ ಬಾರಿಗೆ ಮೇಲಿನಿಂದ ಕಂಡಳು. ಒಳಗೆ ಅರ್ಧಕ್ಕರ್ಧ ಬಯಲು. ಪಟ್ಟಿಗಳು ಸಾಲುಸಾಲಾಗಿ ಕುಸಿದು ಒಂದರ ಮೇಲೊಂದು ಜೋತುಬಿದ್ದಿದ್ದವು. ಬಿದ್ದ ಜಾಗದಲ್ಲಿ ನೀರು ಹನಿಯಾಗುತ್ತಲೇ ಇರಲಿಲ್ಲ. ಹಗ್ಗ ಇಳಿಬಿಟ್ಟ ಹಾಗೆ ದಪ್ಪಗೆ, ನೇರವಾಗಿ ಹೊಂಡಕ್ಕೆ ಹೋಗುತ್ತಿತ್ತು. ಗಾಳಿಗೆ ಸಿಗದೆ, ಬಿಸಿ ಬಿಡದೆ, ಬಂದ ಹಾಗೇ ಮಷೀನಿಗೆ ಮರಳುತ್ತಿತ್ತು. ಶರಫುದ್ದೀನ ಕೈಚಾಚಿ ಹತ್ತಿರದ ಪಟ್ಟಿಯೊಂದನ್ನು ಹಿಡಿದ. ಅದು ನೆನೆದ ರೊಟ್ಟಿಯಂತೆ ಮುರಿದು ಕೈಗೆ ಬಂತು.

"ಯಾ ಅಲ್ಲಾ" ಎಂದ ಅವನು. "ಇದು ನನ್ನ ಖಾನಿ."

ಮಾಣಿಕಮ್ಮ ಅಟ್ಟದ ಅಂಚಿನ ಕಂಬಿ ಹಿಡಿದು, ಇದ್ದಷ್ಟು ದನಿ ತೆಗೆದು ಕೂಗಿದಳು. "ಸಾಹೇಬ್ರನ್ನ ಕರೀರಿ! ಅವ್ರು ಮ್ಯಾಲ ಬಂದು ನೋಡೂ ತನಕ ನಾ ಇಳಿಯಂಗಿಲ್ಲ!"

ಮೊದಲು ಬಂದವನು ಅಣ್ಣಾರಾಯ. ಶರಫುದ್ದೀನನನ್ನು ಕಂಡು ಅವನ ಮುಖ ಇಳಿಯಿತು. ವಾಚಮನ್‌ನನ್ನು ಕರೆದು, ಹತ್ತಿ ಆ ಹೆಂಗಸನ್ನು ಎಳೆದು ತಾ ಎಂದ. ವಾಚಮನ್ ಏಣಿಯ ಬಳಿ ಬರುವಷ್ಟರಲ್ಲಿ ಗುರುಶಾಂತಮ್ಮ ಏಣಿಯ ಬುಡದಲ್ಲಿ ಕಾಲು ಚಾಚಿ ಕೂತಾಗಿತ್ತು. ಅವಳ ಸುತ್ತ ಉಳಿದ ಹದಿನೈದು ಮಂದಿ.

"ಯಪ್ಪಾ, ನಮ್ಮನ್ನ ತುಳದು ಹೋಗ್ತೀಯೇನು?" ಎಂದಳು. ವಾಚಮನ್ ನಕ್ಕು ಹಿಂದೆ ಸರಿದ.

ಹಾಗೆ ಮೂರು ತಾಸು ಹೋಯಿತು. ಮೇಲೆ ನೆರಳಿರಲಿಲ್ಲ. ಶರಫುದ್ದೀನ ತನ್ನ ರುಮಾಲನ್ನು ಬಾಗಿಲೊಳಗೆ ಬೀಳುವ ನೀರಲ್ಲಿ ಅದ್ದಿ ಅವಳ ತಲೆಗೆ ಹಾಕಲು ಕೊಟ್ಟ. ಆ ನೀರು ಕುಡಿಯುವಂಥದ್ದಲ್ಲ, ಬಾಯಿ ಒಣಗಿ ನಾಲಗೆ ಅಂಟುತ್ತಿತ್ತು. ಸಾಹೇಬರು ಕಚೇರಿಯ ಕಿಟಕಿಯಲ್ಲಿ ಎರಡು ಸಲ ಕಂಡರು, ಎರಡು ಸಲವೂ ಒಳಗೆ ಸರಿದರು. ಇಳಿಯಬೇಕೆಂದು ಮಾಣಿಕಮ್ಮನಿಗೆ ಒಮ್ಮೆಯೂ ಅನ್ನಿಸಲಿಲ್ಲವೆಂದಲ್ಲ. ಅನ್ನಿಸಿದಾಗಲೆಲ್ಲ ಬಾಗಿಲಿನಿಂದ ಒಳಗೆ ನೋಡುತ್ತಿದ್ದಳು, ಆ ಹಗ್ಗದ ನೀರನ್ನು. ಸಿಟ್ಟು ಮತ್ತೆ ಬರುತ್ತಿತ್ತು.

ಎರಡೂವರೆಯ ಹೊತ್ತಿಗೆ ಮಷೀನು ನಿಂತಿತು. ವ್ಯಾಕ್ಯೂಮ್ ಬಿದ್ದು ಟರ್ಬೈನು ತಾನೇ ಟ್ರಿಪ್ ಆಗಿತ್ತು. ಫ್ಯಾನೂ ನಿಧಾನಕ್ಕೆ ತಿರುಗಿ ನಿಂತಿತು. ಒಂಬತ್ತು ವರ್ಷದಲ್ಲಿ ಇಂಥ ಮೌನವನ್ನು ಅವಳು ಆ ಜಾಗದಲ್ಲಿ ಕೇಳಿರಲಿಲ್ಲ. ಕಚೇರಿಯೊಳಗೆ ಫೋನು ಬಡಿದುಕೊಳ್ಳುವುದು ಅಷ್ಟು ಎತ್ತರಕ್ಕೂ ಕೇಳಿಸಿತು.

ಹಣಮಂತರಾಯರು ಹೊರಗೆ ಬಂದರು. "ಇಳಿ ಕೆಳಗ! ಅದು ನಿಷೇಧಿತ ಜಾಗ!"

"ಸುಂದರಬಾಯಿ ಮ್ಯಾಲ ಬಿದ್ದಾಗ ಈ ಪಟ್ಟಿಗೆ ನಿಷೇಧ ಇರ್ಲಿಲ್ಲೇನ್ರಿ?" ಎಂದು ಮೇಲಿನಿಂದ ಉತ್ತರ ಬಂತು. "ಸಾಹೇಬ್ರ, ಕೆಳಗ ನಿಂತ್ರ ಕಾಣಂಗಿಲ್ಲ. ಹತ್ರಿ. ನಾ ಹೆಣ್ಮಗಳು ಹತ್ತೀನಿ, ನಿಮಗ ಯಾಕ ಆಗಂಗಿಲ್ಲ?"

ಎಲ್ಲರೂ ಅವರನ್ನೇ ನೋಡುತ್ತಿದ್ದರು. ಹಣಮಂತರಾಯರು ಕನ್ನಡಕ ತೆಗೆದು ಜೇಬಿಗಿಟ್ಟರು, ಮತ್ತೆ ಹಾಕಿಕೊಂಡರು. ಗುರುಶಾಂತಮ್ಮ ಎದ್ದು ದಾರಿ ಬಿಟ್ಟಳು. ಮಲ್ಕಪ್ಪ ಅವರ ಹಿಂದಿನಿಂದ, ಬಿದ್ದರೆ ಹಿಡಿಯುವವನಂತೆ, ಹತ್ತಿದ. ಎರಡು ಕಡೆ ಅವರು ಕಣ್ಣುಮುಚ್ಚಿ ಏಣಿಯನ್ನು ಅಪ್ಪಿಕೊಂಡು ನಿಂತರು. ಮೇಲೆ ಮುಟ್ಟುವ ಹೊತ್ತಿಗೆ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಕೊನೆಯ ಮೆಟ್ಟಿಲಿಗೆ ಮಾಣಿಕಮ್ಮನೇ ಕೈ ಕೊಟ್ಟು ಎಳೆದುಕೊಂಡಳು.

ಅವರು ಬಾಗಿಲಲ್ಲಿ ಬಗ್ಗಿ ಬಹಳ ಹೊತ್ತು ನೋಡಿದರು.

"ಇದನ್ನ ಹಾಕಿದವರು ಯಾರು?"

"ಈ ಖಾನಿ ನಾ ಹಾಕಿದ್ರಿ" ಎಂದ ಶರಫುದ್ದೀನ. "ಕಟ್ಟಿಗಿ ಅಣ್ಣಾರಾಯನದು, ಮೊಳಿ ಹೊಡದ ಕೈ ನಂದು. ಬೇಕಂದ್ರ ಬರದುಕೊಡ್ತೀನಿ."

ಹಣಮಂತರಾಯರ ದನಿ ಸಣ್ಣದಾಯಿತು. "ನೋಡೀನಿ ಅಂತ ನಾನೂ ಬರದುಕೊಟ್ಟೀನಿ."

"ಗೊತ್ತದ್ರಿ" ಎಂದಳು ಮಾಣಿಕಮ್ಮ. "ಅದಕ್ಕ ನಿಮ್ಮನ್ನ ಮ್ಯಾಲ ಕರದೆ."

ಮರುದಿನದಿಂದ ಒಂದು ಖಾನೆ ಬಂದ್ ಆಯಿತು. ಕಾರ್ಖಾನೆಯವರು ಅರ್ಧ ಕರೆಂಟಿನಲ್ಲಿ ಗೊಣಗುತ್ತ ನಡೆಸಿದರು. ನಿಜವಾಗಿಯೂ ಔಷಧಿ ಕುಡಿಸಿದ ಮರ ಬಂತು. ಇಳಿಸುವ ಮೊದಲು ಶರಫುದ್ದೀನ ಒಂದೊಂದು ಪಟ್ಟಿಯ ತುದಿ ಕೊಯ್ದು ನೋಡಿದ. ಹೆಂಗಸರು ಕೊಳೆತದ್ದನ್ನೆಲ್ಲ ಹೊತ್ತು ಹಾಕಿದರು, ಗೊಬ್ಬೂರಿನವರಲ್ಲಿ ಐದು ಮಂದಿ ಅದಕ್ಕೆಂದು ಉಳಿದುಕೊಂಡರು. ಇಪ್ಪತ್ತೆರಡು ದಿನಕ್ಕೆ ಎರಡೂ ಖಾನೆ ಮುಗಿದು ಫ್ಯಾನು ತಿರುಗಿದಾಗ ಮಲ್ಕಪ್ಪ ಒಳಗಿನಿಂದ ಓಡಿ ಬಂದು, "ಆರು, ಯಕ್ಕಾ! ಪೂರಾ ಆರು!" ಎಂದು ಕೂಗಿದ.

ಅಣ್ಣಾರಾಯನ ಕೈಯಿಂದ ಟವರಿನ ಗುತ್ತಿಗೆ ಹೋಯಿತು. ಕಲ್ಲಿದ್ದಲಿನ ಗುತ್ತಿಗೆ ಹೋಗಲಿಲ್ಲ, ಅವನಿಗೆ ಮೇಲಿನವರ ಪೈಕಿ ಬೀಗರಿದ್ದರು. ಈಗಲೂ ಬುಲೆಟ್ಟಿನ ಮೇಲೆ ಹೊಂಡದ ಮುಂದೆಯೇ ಹಾದುಹೋಗುತ್ತಿದ್ದ. ಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದ. ಮಾಣಿಕಮ್ಮ ತಿರುಗಿಸುತ್ತಿರಲಿಲ್ಲ. ಸುಂದರಬಾಯಿಯ ಹೆಸರಿನ ಮುಂದೆ ಕಾಲು ಜಾರಿ ಎಂದು ಬರೆದದ್ದನ್ನು ಹೊಡೆದು ಹಾಕಿ, ಮೇಲಿನಿಂದ ಪಟ್ಟಿ ಬಿದ್ದು ಎಂದು ಹಣಮಂತರಾಯರು ತಮ್ಮ ಕೈಯಾರೆ ಬರೆದರು. ಅವಳ ಭುಜ ಮಾತ್ರ ಮೊದಲಿನಂತಾಗಲಿಲ್ಲ. ಜಾಳಿಯ ಹತ್ತಿರ ಕೂತು ಮಾಡುವ ಕೆಲಸ ಅವಳಿಗೆ ಕೊಟ್ಟರು.

ಆದರೆ ಹೆಡ್ಡಾಫೀಸಿನಿಂದ ಮಾಣಿಕಮ್ಮನ ಹೆಸರಿಗೂ ಒಂದು ಮೆಮೊ ಬಂತು. ಅಪ್ಪಣೆ ಇಲ್ಲದೆ ಟವರು ಹತ್ತಿದ್ದು ತಪ್ಪು, ಇನ್ನೊಮ್ಮೆ ಹೀಗೆ ಮಾಡುವುದಿಲ್ಲವೆಂದು ಒಪ್ಪಿ ಕೆಳಗೆ ಹೆಬ್ಬೆಟ್ಟು ಒತ್ತಬೇಕು. ಹಣಮಂತರಾಯರು 'ಬರೀ ಕಾಗದದ ಶಾಸ್ತ್ರ' ಎಂದು ಮಸಿಯ ಡಬ್ಬಿ ಮುಂದೆ ಸರಿಸಿದರು.

"ಒತ್ತಂಗಿಲ್ರಿ" ಎಂದಳು ಅವಳು. "ಮತ್ತ ಪಟ್ಟಿ ಕೊಳತ್ರ ಮತ್ತ ಹತ್ತಾಕಿನೇ ನಾ. ಸುಳ್ಳು ಯಾಕ ಒತ್ತಲಿ? ನನ್ನ ಕಡಿಂದ ಕಾಗದ ಕೇಳ್ತೀರಿ, ನಮಗೂ ಒಂದು ಬರದು ಕೊಡ್ರಿ. ನೀರು ಚಾಲೂ ಇದ್ದಾಗ ಹೊಂಡಕ್ಕ ಯಾರೂ ಇಳಿಬಾರದು ಅಂತ. ಕಾಗದದ ಮ್ಯಾಲ ಬ್ಯಾಡ, ಗ್ವಾಡಿ ಮ್ಯಾಲ. ಕನ್ನಡದಾಗ."

ಮೆಮೊ ಹೆಬ್ಬೆಟ್ಟಿಲ್ಲದೆ ಫೈಲಿಗೆ ಹೋಯಿತು. ಎಂಟು ದಿನಕ್ಕೆ ಜೇವರ್ಗಿಯಿಂದ ಪೇಂಟರು ಬಂದು ಹೊಂಡದ ಗೋಡೆಗೆ ಸುಣ್ಣ ಬಳಿದು ಕೆಂಪು ಅಕ್ಷರದಲ್ಲಿ ಬರೆದ. ಮಾಣಿಕಮ್ಮ ಮಲ್ಕಪ್ಪನನ್ನು ನಿಲ್ಲಿಸಿಕೊಂಡು ಓದಿಸಿದಳು.

"ನೀರು ಚಾಲೂ ಇರುವಾಗ ಅನುಮತಿ ಇಲ್ಲದೆ ಯಾರೂ ಹೊಂಡಕ್ಕೆ ಇಳಿಯಬಾರದು."

"ನಡೂ ಏನಂದಿ?"

"ಅನುಮತಿ ಇಲ್ಲದೆ."

"ಯಾರ ಅನುಮತಿ?"

ಪೇಂಟರು ಜೇಬಿನಿಂದ ಚೀಟಿ ತೆಗೆದು ತೋರಿಸಿದ. "ಆಫೀಸಿನವ್ರು ಹಿಂಗೇ ಬರದುಕೊಟ್ಟಾರವ್ವಾ."

"ಅವೆರಡು ಮಾತಿನ ಸಂದಿನ್ಯಾಗ ನಾಳಿ ಯಾವನಾದ್ರೂ ಅಣ್ಣಾರಾಯ ನುಸೀತಾನ. ಅನುಮತಿ ಅದ, ಇಳೀರಿ ಅಂತಾನ. ಅಳಸು ಅದನ್ನ."

"ಅಳಸಿದ್ರ ನಡೂ ಖಾಲಿ ಬೀಳ್ತದ. ಚೆಂದ ಕಾಣಂಗಿಲ್ಲ."

"ಖಾಲಿ ಬೀಳ್ಲಿ. ನೋಡಾಕ ಬರಿಯಾಕತ್ತಿಲ್ಲ ನೀ" ಎಂದು ಮಾಣಿಕಮ್ಮ ಸುಣ್ಣದ ಡಬ್ಬಿಯನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅವನು ಕಚೇರಿಯ ಕಡೆ ಒಮ್ಮೆ ನೋಡಿದ, ಅವಳ ಕಡೆ ಒಮ್ಮೆ ನೋಡಿದ. ಕುಂಚ ಅದ್ದಿ ಆ ಎರಡು ಶಬ್ದಗಳ ಮೇಲೆ ಬಳಿದ. ಸುಣ್ಣ ಒಣಗುವವರೆಗೆ ಅವಳು ಅಲ್ಲೇ ನಿಂತಿದ್ದಳು.